ಪುಷ್ಪಾವತಿಯ ಸರ್ವರ್ ಮತ್ತು ವರ್ಷದ ಮೊದಲ ಗುಡುಗು

ನನ್ನ ಹೆಂಡತಿ ಪುಷ್ಪಾವತಿಗೆ ಮುಂಬೈಯಲ್ಲಿ ಒಂದು ಕಂಪ್ಯೂಟರ್ ಇದೆ. ಅವಳು ಅದನ್ನು ಮುಟ್ಟಿಲ್ಲ, ನೋಡಿಲ್ಲ. ಮುಂಬೈಯನ್ನೇ ನೋಡಿಲ್ಲ. ಹಾಗಿದ್ದೂ ಬೆಳಿಗ್ಗೆ ಬಸದಿಯ ಕಡೆಗೆ ತಿರುಗಿ ಕೈ ಮುಗಿದ ಮೇಲೆ ಫೋನ್ ತೆಗೆದು ಮೊದಲು ವಿಚಾರಿಸುವುದು ಆ ಕಂಪ್ಯೂಟರಿನ ಆರೋಗ್ಯವನ್ನು. ನನ್ನ ಸಕ್ಕರೆ ಕಾಯಿಲೆಯ ವಿಚಾರಣೆ ಆಮೇಲೆ, ಅದೂ ನೆನಪಾದರೆ.

ನಾನು ಭರತರಾಜ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹಾರ್ಡ್‌ವೇರ್ ಅಂಗಡಿ, ಅದರ ಹಿಂದೆಯೇ ಮನೆ. ಮೊಳೆ, ಪೈಪು, ಬಕೆಟ್ಟು, ಬಣ್ಣದ ಡಬ್ಬ ಇಷ್ಟೇ ನನ್ನ ಪ್ರಪಂಚ. ಪುಷ್ಪಾವತಿಯ ತವರು ವೇಣೂರು. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದಳು. ಟೈಪ್‌ರೈಟರುಗಳು ಮೂಲೆ ಸೇರಿ ಕಂಪ್ಯೂಟರ್ ಬಂದಾಗ ಅದನ್ನೂ ಕಲಿತು ಕಲಿಸಿದಳು. ಕೊನೆಗೆ ಇನ್‌ಸ್ಟಿಟ್ಯೂಟೇ ಬಾಗಿಲು ಹಾಕಿತು. ಆಗ ಬಂದು ನನ್ನ ಅಂಗಡಿಯ ಗಲ್ಲಾದಲ್ಲಿ ಕುಳಿತಳು. ಸುಮ್ಮನೆ ಕೂರುವ ಜಾತಿಯಲ್ಲ ಅದು. ಗಿರಾಕಿಯ ಮನೆಯಲ್ಲಿ ಏನು ಕೆಟ್ಟಿದೆ ಎಂದು ಕೇಳಿ, ಹಳೆಯದನ್ನೇ ಹೇಗೆ ಸರಿಮಾಡಬಹುದೆಂದು ಹೇಳಿಕೊಟ್ಟು, ಏನೂ ಕೊಳ್ಳದೆ ಹೋಗುವ ಹಾಗೆ ಮಾಡುತ್ತಾಳೆ. ಇದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಹೇಳಿ ಹೇಳಿ ನಾನು ಸೋತಿದ್ದೇನೆ.

ಹೀಗೆ ಒಂದು ದಿನ ಸ್ಟ್ರೆಚರಿಗೆ ಒಂದು ಕ್ಲ್ಯಾಂಪ್ ಬೇಕೆಂದು ವಿಟ್ಲದ ಅಬ್ದುಲ್ ಶುಕೂರ್ ಅಂಗಡಿಗೆ ಬಂದ. ಶುಕೂರ್ ಆಂಬುಲೆನ್ಸ್ ಡ್ರೈವರ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಯ ರಸ್ತೆಗಳಲ್ಲಿ ಅವನು ಓಡಿಸದ ತಿರುವಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆ. ಆಂಬುಲೆನ್ಸಿನಲ್ಲಿ ಗಂಭೀರ ರೋಗಿ ಇದ್ದಾರೆಂದು ವಾಟ್ಸಾಪಿನಲ್ಲಿ ಸುದ್ದಿ ಬಂದರೆ ರಿಕ್ಷಾದವರು, ಅಂಗಡಿಯವರು, ಕಾಲೇಜಿನ ಮಕ್ಕಳು ಯಾರೂ ಹೇಳದೆ ರಸ್ತೆಗೆ ಇಳಿಯುತ್ತಾರೆ. ಜಂಕ್ಷನ್ನಿನಲ್ಲಿ ನಿಂತು ಬಸ್ಸು ಲಾರಿಗಳನ್ನು ಬದಿಗೆ ಸರಿಸುತ್ತಾರೆ. ಅಂಥವರದ್ದೇ ಒಂದು ಗುಂಪಿಗೆ ‘ದಾರಿ ಬಿಡಿ ಬಳಗ’ ಎಂದು ಹೆಸರು. ಬಳಗ ಒಳ್ಳೆಯದೇ, ಆದರೆ ಅದರಿಂದ ತನಗೆ ಜೀವ ಹೋಗುತ್ತಿದೆ ಎಂದು ಶುಕೂರ್ ಅವತ್ತು ಗೋಳು ಹೇಳಿಕೊಂಡ. ಎಲ್ಲಿಗೆ ಬಂದೆ, ಎಲ್ಲಿಗೆ ಬಂದೆ ಎಂದು ಪ್ರತಿ ಜಂಕ್ಷನ್ನಿನಿಂದಲೂ ಫೋನ್. ಎತ್ತಿದರೆ ಸ್ಟಿಯರಿಂಗ್ ತಪ್ಪುತ್ತದೆ, ಎತ್ತದಿದ್ದರೆ ಇನ್ನೊಂದು ಫೋನ್ ಬರುತ್ತದೆ. ವಗ್ಗದ ತಿರುವಿನಲ್ಲಿ ಗಾಡಿ ಚರಂಡಿಗೆ ಇಳಿಯುವುದು ಕೂದಲೆಳೆಯಲ್ಲಿ ತಪ್ಪಿತ್ತಂತೆ.

ಪುಷ್ಪಾವತಿ ಕ್ಲ್ಯಾಂಪ್ ಕೊಡುವುದನ್ನೇ ಮರೆತಳು. ಅವತ್ತಿನಿಂದ ಅಡುಗೆಮನೆಯಲ್ಲಿ ಸಾರಿನ ಪರಿಮಳದ ಜೊತೆ ಕ್ಲೌಡ್ ಕಂಪ್ಯೂಟಿಂಗಿನ ವಿಡಿಯೋ ಪಾಠಗಳು ಕೇಳಿಸತೊಡಗಿದವು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಎಲ್ಲ ತಯಾರು. ಶುಕೂರನ ಗಾಡಿಯಲ್ಲಿ ಸ್ಟಿಯರಿಂಗಿನ ಕೆಳಗೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಪೆಟ್ಟಿಗೆ, ಅದರೊಳಗೆ ಒಂದು ಸಿಮ್. ಗಾಡಿ ಎಲ್ಲಿದೆ ಎಂದು ಅದು ಮುಂಬೈಯ ಬಾಡಿಗೆ ಕಂಪ್ಯೂಟರಿಗೆ, ಎಂದರೆ ಇವಳ ಸರ್ವರಿಗೆ, ಕಳಿಸುತ್ತಾ ಇರುತ್ತದೆ. ಬಳಗದವರ ಫೋನಿನಲ್ಲಿ ನಕ್ಷೆ ತೆರೆದರೆ ಗಾಡಿ ಒಂದು ಕೆಂಪು ಚುಕ್ಕಿಯಾಗಿ ಓಡುವುದು ಕಾಣುತ್ತದೆ. ಇನ್ನು ಮುಂದೆ ಯಾರೂ ಡ್ರೈವರಿಗೆ ಫೋನ್ ಮಾಡಬಾರದು, ಗಾಡಿ ಹೊರಟ ಮೇಲೆ ಶುಕೂರನ ಫೋನ್ ಆಫ್ ಆಗಿ ಡ್ಯಾಶ್‌ಬೋರ್ಡಿನ ಒಳಗೆ ಇರಬೇಕು ಎಂದು ಇವಳೇ ಕಾನೂನು ಮಾಡಿದಳು. ಎಲ್ಲರೂ ಒಪ್ಪಿದರು. ಟೀಚರಲ್ಲವೇ, ಒಪ್ಪದೆ ಎಲ್ಲಿಗೆ ಹೋಗುತ್ತಾರೆ!

ಇಲ್ಲಿ ವಿಳಾಸದ ವಿಷಯ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕ್ಲೌಡಿನಲ್ಲಿರುವ, ಎಂದರೆ ಹೀಗೆ ದೂರದಲ್ಲಿ ಬಾಡಿಗೆಗೆ ಹಿಡಿದ, ಕಂಪ್ಯೂಟರನ್ನು ಹೊರಗಿನವರು ತಲುಪಬೇಕಾದರೆ ಅದಕ್ಕೊಂದು ಪಬ್ಲಿಕ್ ಐಪಿ ವಿಳಾಸ ಬೇಕು. ನಾಲ್ಕು ಸಂಖ್ಯೆಗಳನ್ನು ಚುಕ್ಕೆಯಿಟ್ಟು ಜೋಡಿಸಿದ ಒಂದು ನಂಬರು ಅದು. ಕಂಪ್ಯೂಟರ್ ಬಾಡಿಗೆಗೆ ಹಿಡಿದಾಗ ಕಂಪನಿಯವರೇ ಒಂದು ನಂಬರು ಕೊಟ್ಟುಬಿಡುತ್ತಾರೆ. ಆದರೆ ಅದು ನಮ್ಮದಲ್ಲ. ಕಂಪ್ಯೂಟರನ್ನು ಒಮ್ಮೆ ನಿಲ್ಲಿಸಿದರೆ ಆ ನಂಬರನ್ನು ವಾಪಸು ತೆಗೆದುಕೊಂಡು ಇನ್ಯಾರಿಗೋ ಕೊಡುತ್ತಾರೆ. ಮತ್ತೆ ಶುರು ಮಾಡಿದಾಗ ಬೇರೆಯೇ ನಂಬರು. ನಮ್ಮ ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ, ಟವೆಲ್ ಇಡದೆ ಎದ್ದು ಹೋದರೆ ಸೀಟು ಹೋಯಿತು. ಟವೆಲ್ ಇಡುವ ವ್ಯವಸ್ಥೆಯೂ ಇದೆ. ಒಂದು ನಂಬರನ್ನು ಕಾದಿರಿಸಿ ಇದು ನನ್ನ ಕಂಪ್ಯೂಟರಿಗೆ ಎಂದು ಜೋಡಿಸಿಟ್ಟರೆ ಅದು ಕದಲುವುದಿಲ್ಲ. ಪುಷ್ಪಾವತಿಗೆ ಇದು ಗೊತ್ತಿತ್ತು. ಆದರೆ ಸರ್ವರನ್ನು ಯಾರು ನಿಲ್ಲಿಸುತ್ತಾರೆ, ಮುಂದೆ ನೋಡಿದರಾಯಿತು ಎಂದು ಬಿಟ್ಟಿದ್ದಳು. ನಕ್ಷೆಯ ಪುಟಕ್ಕೆ ಒಂದು ಹೆಸರು ಇತ್ತು, ಸರ್ವರ್ ಏಳುವಾಗ ತನ್ನ ನಂಬರನ್ನು ಆ ಹೆಸರಿಗೆ ತಾನೇ ತಿಳಿಸುತ್ತಿತ್ತು. ಶುಕೂರನ ಗಾಡಿಯ ಪೆಟ್ಟಿಗೆ ಮಾತ್ರ ಹೆಸರು ಅರಿಯದ ಮಂಕು. ಅದಕ್ಕೆ ಹೇಳಿಕೊಟ್ಟ ನಂಬರೊಂದೇ ಗೊತ್ತು.

ಚಳಿಗಾಲವಿಡೀ ಚುಕ್ಕಿ ಚೆನ್ನಾಗಿ ಓಡಿತು. ಏಪ್ರಿಲ್ ಬಂತು.

ನಮ್ಮ ಕಡೆಯ ಸಿಡಿಲು ಕಂಡವರಿಗೇ ಗೊತ್ತು. ಘಟ್ಟದ ಮೇಲೆ ಮೋಡ ಕಪ್ಪಾಗಿ ಮೊದಲನೇ ಗುಡುಗು ಕೇಳಿದರೆ ಸಾಕು, ಪ್ರತಿ ಮನೆಯಲ್ಲೂ ಒಬ್ಬರು ಎದ್ದು ಓಡುತ್ತಾರೆ. ಟಿವಿ ಪ್ಲಗ್, ಫ್ರಿಜ್ ಪ್ಲಗ್, ಇಂಟರ್‌ನೆಟ್ಟಿನ ಪ್ಲಗ್, ಕೊನೆಗೆ ಮೈನ್ ಸ್ವಿಚ್ಚು. ಉಣ್ಣುತ್ತಿದ್ದರೆ ಎಂಜಲು ಕೈಯಲ್ಲೇ ಓಡುತ್ತಾರೆ. ಇದು ಯೋಚಿಸಿ ಮಾಡುವ ಕೆಲಸವಲ್ಲ, ಕೈಯೇ ಮಾಡುತ್ತದೆ. ನಮ್ಮ ಮನೆಯಲ್ಲಿ ಆ ಕೈ ಪುಷ್ಪಾವತಿಯದು. ಅವತ್ತು ಮಧ್ಯಾಹ್ನ ವರ್ಷದ ಮೊದಲ ಗುಡುಗು ಬಂತು, ಅಂಗಡಿಯ ತಗಡೆಲ್ಲ ನಡುಗಿತು. ಇವಳು ಎದ್ದಳು, ಮನೆಯಿಡೀ ಓಡಾಡಿ ಪ್ಲಗ್ಗುಗಳನ್ನು ಎಳೆದಳು. ಆಮೇಲೆ ಅದೇ ಓಟದಲ್ಲಿ ಫೋನ್ ತೆಗೆದು ಮುಂಬೈಯ ಸರ್ವರನ್ನೂ ಆಫ್ ಮಾಡಿದಳು.

ನಾನು ನೋಡುತ್ತಲೇ ಇದ್ದೆ. ನನಗೂ ಏನೂ ತಪ್ಪು ಕಾಣಲಿಲ್ಲ. ಗುಡುಗು ಬಂದರೆ ಆಫ್ ಮಾಡಬೇಕಲ್ಲ! ಮೂಡುಬಿದಿರೆಯ ಸಿಡಿಲು ಮುಂಬೈಯ ಕಂಪ್ಯೂಟರಿಗೆ ಹೇಗೆ ಬಡಿಯುತ್ತದೆ ಎಂಬ ಪ್ರಶ್ನೆ ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರ ತಲೆಗಾದರೂ ಬರಬೇಕಿತ್ತು, ಬರಲಿಲ್ಲ. ಮಳೆ ಹೊಯ್ದು ನಿಂತಿತು. ಇವಳು ಒಂದೊಂದೇ ಪ್ಲಗ್ ಹಾಕುತ್ತಾ ಬಂದಳು, ಸರ್ವರನ್ನೂ ಶುರು ಮಾಡಿದಳು. ನಕ್ಷೆ ತೆರೆದು ನೋಡಿದಳು. ತೆರೆಯಿತು. ಚುಕ್ಕಿ ಬೆಳ್ತಂಗಡಿಯಲ್ಲಿತ್ತು. ಎಲ್ಲ ಸರಿಯಿದೆ ಎಂದು ಅನ್ನಕ್ಕೆ ಇಟ್ಟಳು. ಜೈನರಾದ ನಾವು ಸೂರ್ಯ ಮುಳುಗುವ ಮೊದಲು ಉಣ್ಣುವವರು, ಸಂಜೆಯ ಅಡುಗೆ ಬೇಗ ಆಗಬೇಕು.

ಸ್ವಲ್ಪ ಹೊತ್ತಿಗೆ ಬಳಗದಲ್ಲಿ ಸುದ್ದಿ ಬಂತು. ನೆರಿಯದ ನವ್ಯಾ ಎಂಬ ಹುಡುಗಿಗೆ ಅವತ್ತು ಬೆಳಿಗ್ಗೆ ಬೆಳ್ತಂಗಡಿಯಲ್ಲಿ ಹೆರಿಗೆ ಆಗಿತ್ತು. ಹೆಣ್ಣು ಮಗು, ಉಸಿರಾಟ ಸರಿಯಿಲ್ಲ, ಕೂಡಲೇ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಮುಟ್ಟಿಸಬೇಕು. ತಾಯಿ ಏಳುವ ಸ್ಥಿತಿಯಲ್ಲಿಲ್ಲ, ಅಜ್ಜಿ ನೀಲಾವತಿ ಮತ್ತು ಒಬ್ಬ ನರ್ಸ್ ಮಗುವಿನ ಜೊತೆ ಹೊರಡುತ್ತಾರೆ. ಗಾಡಿ ಶುಕೂರನದು. ಗುರುವಾಯನಕೆರೆ, ಮಡಂತ್ಯಾರು, ಬಿ.ಸಿ.ರೋಡು, ಹೀಗೆ ಬಂಟ್ವಾಳದ ದಾರಿ. ದಾರಿಯುದ್ದಕ್ಕೂ ಜನ ರಸ್ತೆಗೆ ಬಂದು ನಿಂತು ನಕ್ಷೆ ತೆರೆದು ಕಾದರು.

ಚುಕ್ಕಿ ಬೆಳ್ತಂಗಡಿಯಲ್ಲೇ ಇತ್ತು. ಇನ್ನೂ ಹೊರಟಿಲ್ಲ ಎಂದು ಕೆಲವರು ಚಹಾ ಕುಡಿಯಲು ಹೋದರು. ಆಗ ಬಿ.ಸಿ.ರೋಡಿನಲ್ಲಿ ನಿಂತಿದ್ದ ಅಶ್ವಿತ್ ಪುಷ್ಪಾವತಿಗೆ ಫೋನ್ ಮಾಡಿದ. ಮೊಬೈಲ್ ರಿಪೇರಿ ಮಾಡುವ ಹುಡುಗ, ಬಳಗದಲ್ಲಿ ಎಲ್ಲರಿಗಿಂತ ಚುರುಕು.

“ಅಕ್ಕ, ಚುಕ್ಕಿ ಅಲ್ಲಾಡುವುದಿಲ್ಲ. ನಾನು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ಗಾಡಿ ಹೊರಟು ತುಂಬ ಹೊತ್ತಾಯ್ತಂತೆ.”

ಪುಷ್ಪಾವತಿ ಚುಕ್ಕಿಯನ್ನು ಒತ್ತಿ ನೋಡಿದಳು. ಅದು ಕೊನೆಯ ಸಲ ಸುದ್ದಿ ಕಳಿಸಿದ್ದು ಗುಡುಗಿನ ಮೊದಲು. ಒಲೆ ಆರಿಸಿದಳು, ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತಳು.

“ನಾನೇ ಆಫ್ ಮಾಡಿದ್ದು ಮಾರಾಯ್ರೆ. ನಂಬರು ಬದಲಾಗಿದೆ. ಆ ಪೆಟ್ಟಿಗೆ ಪಾಪ, ಹಳೇ ನಂಬರಿಗೇ ಕಳಿಸ್ತಾ ಉಂಟು.”

ಶುಕೂರನಿಗೆ ಫೋನ್ ಮಾಡುವ ಎಂದೆ. ಮಾಡಿದೆ. ಸ್ವಿಚ್ ಆಫ್. ಕಾನೂನು ಇವಳದ್ದೇ ಅಲ್ಲವೇ! ಅಜ್ಜಿಯ ನಂಬರು ಆಸ್ಪತ್ರೆಯಲ್ಲಿ ಸಿಕ್ಕಿತು, ಆ ಫೋನ್ ನವ್ಯಾಳ ಮಂಚದ ಮೇಲೆಯೇ ಉಳಿದಿತ್ತು. ನರ್ಸ್ ಮಗುವಿನ ಆರೈಕೆಯಲ್ಲಿ ಫೋನ್ ಎತ್ತಲಿಲ್ಲ. ನನಗೆ ಇವಳ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಹೆದರಿಕೆ ಬಂತು. ಎಲ್ಲೋ ಒಂದು ರಸ್ತೆಯಲ್ಲಿ ಅವತ್ತೇ ಹುಟ್ಟಿದ ಒಂದು ಮಗು ಉಸಿರಿಗಾಗಿ ಒದ್ದಾಡುತ್ತಾ ಬರುತ್ತಿದೆ, ದಾರಿ ಬಿಡಿಸಬೇಕಾದವರು ಚಹಾ ಕುಡಿಯುತ್ತಿದ್ದಾರೆ.

ಪೆಟ್ಟಿಗೆಯಲ್ಲಿ ಸಿಮ್ ಇತ್ತಲ್ಲ, ಅದಕ್ಕೆ ಮೆಸೇಜ್ ಕಳಿಸಿ ಹೊಸ ನಂಬರು ಹೇಳಿಕೊಡಬಹುದು. ಇದು ಗೊತ್ತಾಗಿ ನಾನು ಬೇಗ ಕಳಿಸು, ಬೇಗ ಕಳಿಸು ಎಂದು ಅವಳ ಹೆಗಲ ಮೇಲೆಯೇ ಬಿದ್ದೆ. ಅವಳು ಕಳಿಸಲಿಲ್ಲ. ಕ್ಲೌಡಿನ ಪುಟ ತೆರೆದು ಏನೇನೋ ಒತ್ತತೊಡಗಿದಳು. ನಾನು ಕೂಗಾಡಿದೆ.

“ಈಗ ಕೊಟ್ಟ ನಂಬರೂ ಬಾಡಿಗೆಯದ್ದೇ. ನಮ್ಮದು ಅಂತ ಒಂದನ್ನು ಕಾದಿರಿಸಿಯೇ ಕಳಿಸ್ತೇನೆ. ಮಗು ಅರ್ಧ ದಾರಿಯಲ್ಲಿರುವಾಗ ಇನ್ನೊಮ್ಮೆ ತಪ್ಪಬಾರದು. ನೀವು ಸ್ವಲ್ಪ ಸುಮ್ಮನಿರಿ.”

ಸುಮ್ಮನಾದೆ. ಅವಳ ಬೆರಳುಗಳು ಎಲ್ಲಿಯೂ ತಪ್ಪಲಿಲ್ಲ, ಟೈಪಿಂಗ್ ಕಲಿಸಿದ ಬೆರಳು. ಒಂದು ವಿಳಾಸ ಕಾದಿರಿಸಿದಳು. ಅದನ್ನು ಸರ್ವರಿಗೆ ಜೋಡಿಸಿದಳು. ಜೋಡಣೆಯಾಗಿದೆ ಎಂದು ಪರದೆ ಹೇಳಿತು. ನಕ್ಷೆ ತೆರೆಯುವ ಹೊಸ ಲಿಂಕನ್ನು ಬಳಗದಲ್ಲಿ ಹಾಕಿ ಎಲ್ಲರೂ ಇದನ್ನೇ ಒತ್ತಿ ಎಂದು ಬರೆದಳು. ಆಮೇಲೆ ಪೆಟ್ಟಿಗೆಯ ಸಿಮ್ಮಿಗೆ ಮೆಸೇಜ್ ಕಳಿಸಿದಳು. ಹೋಯಿತು. ತಲುಪಲಿಲ್ಲ. ಗಾಡಿ ಸಿಗ್ನಲ್ ಇಲ್ಲದ ಕಡೆ ಇರಬೇಕು. ಇಬ್ಬರೂ ಆ ಪುಟ್ಟ ಪರದೆಯನ್ನು ನೋಡುತ್ತಾ ಕುಳಿತೆವು. ಗಿರಾಕಿಯೊಬ್ಬ ಬಂದು ಪೈಪಿನ ರೇಟು ಕೇಳಿದ. ನಾನು ಅವನಿಗೆ ಏನು ಹೇಳಿದೆನೋ ದೇವರಿಗೇ ಗೊತ್ತು, ಪಾಪ, ಪೈಪು ಬೇಡ ಎಂದು ಹೋದ.

ಟಿಣ್ ಎಂದು ಸದ್ದಾಯಿತು. ಪೆಟ್ಟಿಗೆ ಓಕೆ ಎಂದು ಉತ್ತರ ಕಳಿಸಿತ್ತು.

ಪುಷ್ಪಾವತಿ ನಕ್ಷೆಗೆ ಹಾರಿದಳು. ಬೆಳ್ತಂಗಡಿಯಲ್ಲಿದ್ದ ಚುಕ್ಕಿ ಮಾಯ. ಮಡಂತ್ಯಾರಿನಲ್ಲಿ ಇಲ್ಲ, ವಗ್ಗದಲ್ಲಿ ಇಲ್ಲ, ಬಂಟ್ವಾಳದ ದಾರಿಯಲ್ಲೇ ಇಲ್ಲ. ಇವಳು ನಕ್ಷೆಯನ್ನು ಬೆರಳಿನಿಂದ ಆಚೆ ಸರಿಸಿದಳು. ವೇಣೂರು ದಾಟಿ, ಇವಳ ತವರುಮನೆಯ ಗೇಟಿನ ಮುಂದಿನಿಂದಲೇ ಹಾದು, ಆ ಕೆಂಪು ಚುಕ್ಕಿ ನಮ್ಮ ಕಡೆಗೇ ಓಡಿ ಬರುತ್ತಿತ್ತು!

ಆಮೇಲೆ ತಿಳಿದದ್ದು, ಮಡಂತ್ಯಾರಿನ ಹತ್ತಿರ ಸಿಡಿಲು ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗಿತ್ತು. ಗುರುವಾಯನಕೆರೆಯಲ್ಲಿ ಎದುರು ಬಂದ ಲಾರಿಯವನು ಕೈ ಮಾಡಿ ಹೇಳಿದ್ದಕ್ಕೆ ಶುಕೂರ್ ಹಿಂದೆ ಮುಂದೆ ನೋಡದೆ ವೇಣೂರಿನ ದಾರಿಗೆ ತಿರುಗಿಸಿದ್ದ. ಆ ದಾರಿಯಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಇನ್ನು ಮೂಡುಬಿದಿರೆ ಪೇಟೆ ಸಿಗುತ್ತದೆ, ಅದೂ ಕಾಲೇಜು ಬಿಟ್ಟು ಊರಿನ ಬಸ್ಸುಗಳೆಲ್ಲ ಸ್ಟ್ಯಾಂಡಿಗೆ ಬಂದು ಮೂತಿಗೆ ಮೂತಿ ತಾಗಿಸಿ ನಿಲ್ಲುವ ಹೊತ್ತಿನಲ್ಲಿ. ಅವತ್ತು ಮಳೆ ಬೇರೆ ಬಂದು ಬಸ್ಸುಗಳು ತಡವಾಗಿ, ರಸ್ತೆಯಲ್ಲಿ ಸೈಕಲ್ ನುಗ್ಗಲೂ ಜಾಗವಿರಲಿಲ್ಲ.

ಪುಷ್ಪಾವತಿ ಬಳಗಕ್ಕೆ ಒಂದೇ ಉಸಿರಿನಲ್ಲಿ ವಾಯ್ಸ್ ಮೆಸೇಜ್ ಬಿಟ್ಟಳು. ಗಾಡಿ ಮೂಡುಬಿದಿರೆ ದಾರಿಯಲ್ಲಿ ಬರುತ್ತಿದೆ, ಬಂಟ್ವಾಳದ ದಾರಿಯವರು ಇನ್ನು ಕಾಯಬೇಡಿ, ಮಿಜಾರು, ಎಡಪದವು, ಗಂಜಿಮಠ, ವಾಮಂಜೂರಿನವರು ಕೂಡಲೇ ರಸ್ತೆಗೆ ಬನ್ನಿ ಎಂದಳು. ಮರುಕ್ಷಣ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೆ ಓಡಿದಳು. ಈ ವಯಸ್ಸಿನಲ್ಲಿ ಅವಳು ಹಾಗೆ ಓಡಬಲ್ಲಳು ಎಂದು ನನಗೆ ತಿಳಿದಿರಲಿಲ್ಲ. ನಾನೂ ಹಿಂದೆ ಓಡಿದೆ. ಕೆಂಪು ಬಾವುಟ ಬೇಕಿತ್ತು, ಕೈಗೆ ಸಿಕ್ಕಿದ್ದು ಅಂಗಡಿಯ ಎದುರು ನೇತುಹಾಕಿದ್ದ ಕೆಂಪು ಬಕೆಟ್ಟು. ಅದನ್ನೇ ತಲೆಯ ಮೇಲೆ ಎತ್ತಿ ಬೀಸುತ್ತಾ ಬಸ್ಸುಗಳ ನಡುವೆ ನುಗ್ಗಿದೆ. ಜನ ಮೊದಲು ನಕ್ಕರು. ಭರತಣ್ಣನಿಗೆ ಏನೋ ಆಗಿದೆ ಎಂದು ಒಬ್ಬ ಕಂಡಕ್ಟರ್ ಹೇಳಿದ್ದು ನನಗೆ ಕೇಳಿಸಿತು.

ಪುಷ್ಪಾವತಿ ರಸ್ತೆಯ ನಡುವೆ ನಿಂತು ಎರಡೂ ಕೈ ಅಗಲಿಸಿದಳು. ಪುಟ್ಟ ಮಗು ಬರುತ್ತಾ ಇದೆ, ಇವತ್ತು ಹುಟ್ಟಿದ ಮಗು ಎಂದು ಕೂಗಿದಳು. ಅಷ್ಟೇ ಸಾಕಾಯಿತು. ನಕ್ಕ ಕಂಡಕ್ಟರೇ ಮೊದಲು ಸೀಟಿ ಊದಿ ತನ್ನ ಬಸ್ಸನ್ನು ಹಿಂದಕ್ಕೆ ತೆಗೆಸಿದ. ರಿಕ್ಷಾದವರು ಅಡ್ಡರಸ್ತೆಗಳ ಬಾಯಿಗೆ ರಿಕ್ಷಾ ನಿಲ್ಲಿಸಿ ಯಾರೂ ನುಗ್ಗದಂತೆ ಮಾಡಿದರು. ಕಾಲೇಜಿನ ಹುಡುಗಿಯರು ಕೈ ಕೈ ಹಿಡಿದು ಎರಡೂ ಬದಿಗೆ ಸಾಲಾಗಿ ನಿಂತರು. ಹಣ್ಣಿನ ಗಾಡಿ ಸರಿಯಿತು, ಕಬ್ಬಿನ ಹಾಲಿನ ಗಾಡಿ ಸರಿಯಿತು, ಯಾರಿಗೂ ಸರಿದು ಅಭ್ಯಾಸವಿಲ್ಲದ ಒಂದು ಕಾರಿನ ಯಜಮಾನರೂ ನನ್ನ ಬಕೆಟ್ಟು ಬಾನೆಟ್ಟಿಗೆ ಬಡಿದಾಗ ಸರಿದರು. ಇವಳು ಫೋನ್ ನೋಡಿ ನೋಡಿ ಕೂಗುತ್ತಿದ್ದಳು. ಪೆರಿಂಜೆ ದಾಟಿತು. ಅಲಂಗಾರಿಗೆ ಬಂತು. ಸೈರನ್ ಕೇಳಿಸಿತು. ನೋಡುತ್ತೇನೆ, ಯಾವತ್ತೂ ನೆಲ ಕಾಣಿಸದ ಆ ರಸ್ತೆ ಈ ತುದಿಯಿಂದ ಆ ತುದಿಯವರೆಗೆ ಬರಿದಾಗಿ, ಮಳೆ ನೀರಿಗೆ ಹೊಳೆಯುತ್ತಾ ಬಿದ್ದಿದೆ.

ಶುಕೂರನ ಗಾಡಿ ಬಂತು, ಹೋಯಿತು. ಒಂದು ಬ್ರೇಕೂ ಹಾಕಲಿಲ್ಲ. ಜನರೆಲ್ಲ ಚಪ್ಪಾಳೆ ಹೊಡೆದರು. ಪುಷ್ಪಾವತಿ ಹೊಡೆಯಲಿಲ್ಲ, ಚುಕ್ಕಿಯನ್ನು ನೋಡುತ್ತಲೇ ಅಂಗಡಿಗೆ ಬಂದು ಕುಳಿತಳು. ಮಿಜಾರಿನಲ್ಲಿ ಇಬ್ಬರು ಮಾತ್ರ ರಸ್ತೆಗೆ ಬಂದಿದ್ದರಂತೆ. ಎಡಪದವಿನಲ್ಲಿ ಒಂದು ಗುಂಪೇ ಇತ್ತು. ವಾಮಂಜೂರಿಗೆ ಬರುವಷ್ಟರಲ್ಲಿ ಅಶ್ವಿತ್ ಬಿ.ಸಿ.ರೋಡಿನಿಂದ ಬೈಕಿನಲ್ಲಿ ಹಾರಿ ಬಂದು ಅಲ್ಲಿ ನಿಂತಿದ್ದ. ಚುಕ್ಕಿ ಎಲ್ಲಿಯೂ ನಿಲ್ಲದೆ ಮಂಗಳೂರಿನ ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತು. ಹೊರಗೆ ನೋಡಿದರೆ ಸೂರ್ಯ ಮುಳುಗಿತ್ತು. ಒಲೆಯ ಮೇಲಿನ ಅನ್ನ ಅರ್ಧ ಬೆಂದು ಹಾಗೇ ಇತ್ತು. ಇನ್ನು ನಾಳೆ ಬೆಳಿಗ್ಗೆಯೇ ಊಟ. ಬೇರೆ ದಿನವಾಗಿದ್ದರೆ ನಾನು ರಂಪ ಮಾಡುತ್ತಿದ್ದೆ.

ಶುಕೂರ್ ಫೋನ್ ಮಾಡಿದ. ಅವನ ಸ್ವರ ಎಂದಿನ ಹಾಗಿರಲಿಲ್ಲ. ಮಗುವನ್ನು ಒಳಗೆ ತೆಗೆದುಕೊಂಡು ಹೋಗಿ ಮೆಷಿನಿನಲ್ಲಿ ಮಲಗಿಸಿದ್ದಾರೆ, ಉಸಿರು ಹಿಡಿತಕ್ಕೆ ಬಂದಿದೆ, ಹೊತ್ತಿಗೆ ಸರಿಯಾಗಿ ತಂದಿರಿ ಎಂದು ಡಾಕ್ಟರು ಹೇಳಿದ್ದಾರೆ ಎಂದ. ವೇಣೂರಿನ ದಾರಿಯುದ್ದಕ್ಕೂ ಒಬ್ಬರೂ ಕಾಣದಾಗ ತನ್ನನ್ನು ಎಲ್ಲರೂ ಮರೆತೇಬಿಟ್ಟರು ಎಂದುಕೊಂಡಿದ್ದನಂತೆ. ಮೂಡುಬಿದಿರೆಯ ರಸ್ತೆ ಖಾಲಿ ಬಿದ್ದಿರುವುದನ್ನು ಕಂಡು ಕಣ್ಣು ಮಂಜಾಗಿ, ಓಡಿಸುವುದೇ ಕಷ್ಟವಾಯಿತಂತೆ. ನೀಲಾವತಿಯಮ್ಮ ಮಾತಾಡಬೇಕಂತೆ ಎಂದು ಫೋನನ್ನು ಅವರ ಕೈಗೆ ಕೊಟ್ಟ.

ಅವರು ಬಾಯಿ ತೆರೆಯುವ ಮೊದಲೇ ಪುಷ್ಪಾವತಿ ಎಲ್ಲವನ್ನೂ ಹೇಳಿಬಿಟ್ಟಳು. ಗುಡುಗು ಬಂದಾಗ ಸರ್ವರ್ ಆಫ್ ಮಾಡಿದ್ದು ತಾನು, ಅದರಿಂದಲೇ ವಿಳಾಸ ತಪ್ಪಿದ್ದು, ಅರ್ಧ ದಾರಿ ನಿಮಗೆ ಯಾರೂ ಇಲ್ಲದಾಗಿದ್ದು ತನ್ನಿಂದ. ಉಪಕಾರ ಹೇಳಬೇಡಿ, ಬೈಯಿರಿ ಎಂದಳು. ಹೇಳುತ್ತಾ ಅಳುತ್ತಿದ್ದಳು. ಈ ಹೆಂಗಸು ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅಪರೂಪ, ಅಳುವುದನ್ನು ಅದಕ್ಕಿಂತ ಅಪರೂಪ.

ಫೋನ್ ಸ್ಪೀಕರಿನಲ್ಲಿತ್ತು, ಆಸ್ಪತ್ರೆಯ ಗದ್ದಲವೂ ಕೇಳುತ್ತಿತ್ತು. ನೀಲಾವತಿ ತಗ್ಗಿದ ಸ್ವರದಲ್ಲಿ ಹೇಳಿದರು.

“ನಾನು ಯಾರಿಗೂ ಹೇಳ್ಲಿಲ್ಲ ಅಕ್ಕ, ನಿಮಗೆ ಹೇಳ್ತೇನೆ. ಮಧ್ಯಾಹ್ನ ಆ ದೊಡ್ಡ ಗುಡುಗು ಬಂತಲ್ಲ, ಬೆಳ್ತಂಗಡಿ ಆಸ್ಪತ್ರೆಯಲ್ಲಿ ನಾನು ಎದ್ದು ಓಡಿ ಪ್ಲಗ್ಗಿಗೆ ಕೈ ಹಾಕಿದೆ. ಮಗುವಿಗೆ ಉಸಿರು ಕೊಡುವ ಮೆಷಿನಿದ್ದು. ನರ್ಸ್ ಬಂದು ನನ್ನ ಕೈ ಹಿಡಿದ್ರು. ಇಲ್ಲದಿದ್ರೆ ಇವತ್ತು ನೀವು ಯಾರಿಗೂ ದಾರಿ ಬಿಡಿಸ್ಲಿಕ್ಕೆ ಇರ್ಲಿಲ್ಲ.”

ಪುಷ್ಪಾವತಿಯ ಅಳು ನಿಂತಿತು. ಅವಳು ಫೋನನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಮಗು ಈಗ ಹೇಗಿದೆ, ಮತ್ತೊಮ್ಮೆ ಹೋಗಿ ನೋಡಿ ಬಂದು ಹೇಳಿ, ನಾನು ಫೋನ್ ಇಡುವುದಿಲ್ಲ ಎಂದಳು. ನೀಲಾವತಿ ಎದ್ದು ಹೋದರು. ನಾವಿಬ್ಬರೂ ಕಾದು ಕುಳಿತೆವು.